ನಿಂತ ದೋಣಿಗೆ ದಿಕ್ಕು ಗೊತ್ತಿಲ್ಲ!
ಜಿಪಿಎಸ್ ಮೋಟಾರು ಕಟ್ಟಿದರೆ ಸಾಲದು, ಅದರ ದಿಕ್ಸೂಚಿಗೂ ಪಾಠ ಹೇಳಬೇಕು

ಪಣಜಿ: ಲಂಗರು ಹಾಕುವ ಹಾಗಿಲ್ಲ, ಹುಟ್ಟಿನ ಸಪ್ಪಳವೂ ಆಗಬಾರದು, ಮೀನು ಬೆದರುತ್ತದೆ. ಆದರೂ ದೋಣಿ ನಿಂತಲ್ಲೇ ನಿಲ್ಲಬೇಕು. ಅದಕ್ಕೇನಂತೆ, ರಿಮೋಟಿನ ಒಂದು ಗುಂಡಿ ಒತ್ತಿ! ದೋಣಿಯ ಮೂತಿಗೆ ಕಟ್ಟಿದ ವಿದ್ಯುತ್ ಮೋಟಾರು ಆಕಾಶದ ಉಪಗ್ರಹಗಳಿಂದ ಜಾಗ ತಿಳಿದುಕೊಂಡು, ತಾನೇ ತಿರುಗಿ, ತಾನೇ ತಳ್ಳಿ ದೋಣಿಯನ್ನು ಹಿಡಿದಿಡುತ್ತದೆ. ಮಾರುವವರು ಹೇಳುವುದು ಇಷ್ಟು.

ಹೊಸ ಮೋಟಾರು ಕಟ್ಟಿಕೊಂಡು ಮಾಂಡವಿ ನೀರಿಗಿಳಿದ ಮೊದಲ ದಿನವೇ ದೋಣಿ ನಿಲ್ಲುವ ಬದಲು ಗಾಣದೆತ್ತಿನ ಹಾಗೆ ಸುತ್ತತೊಡಗಿದರೆ? ಮಾಲಕನ ಮುಖ ಕೆಂಪಾಗುತ್ತದೆ. ‘ಇದನ್ನು ಫಿಟ್ ಮಾಡಿದವನು ಯಾರು?’ ಎಂಬ ಪ್ರಶ್ನೆ ಬರುತ್ತದೆ. ಬೆಲೆ ಲಕ್ಷ ರೂಪಾಯಿ ದಾಟುವ ಸಾಮಾನು. ವೈರು ಎಳೆದ, ಬ್ಯಾಟರಿ ಕೂರಿಸಿದ ಹುಡುಗನ ಸಂಬಳದ ಮೇಲೆ ಮೊದಲ ಕಣ್ಣು.

ಇಂಥ ಹೊತ್ತಿನಲ್ಲಿ ಮೋಟಾರು ಕೆಟ್ಟಿರುವುದಕ್ಕಿಂತ ಅದರ ದಿಕ್ಸೂಚಿಗೆ ದಿಕ್ಕು ತಪ್ಪಿರುವ ಸಾಧ್ಯತೆಯೇ ಹೆಚ್ಚು. ಅರ್ಧ ಗಂಟೆಯ ಕೆಲಸದಲ್ಲಿ ಸರಿಹೋಗುವ ದೋಷ ಇದು. ಗೊತ್ತಿಲ್ಲದಿದ್ದರೆ ಮಾತ್ರ ಮೋಟಾರು ಬಿಚ್ಚಿ ರಿಪೇರಿಗೆ ಕಳಿಸುವವರೆಗೂ ಹೋಗುತ್ತದೆ.

ಬಾಗಲಕೋಟೆ, ವಿಜಯಪುರ, ಗದಗ, ಕೊಪ್ಪಳದ ಕಡೆಯಿಂದ ಬಂದು ವಾಸ್ಕೊ, ಮಡಗಾಂವ, ಮಾಪ್ಸಾಗಳಲ್ಲಿ ನೆಲೆ ನಿಂತ ಕನ್ನಡ ಕುಟುಂಬಗಳ ಎಷ್ಟೋ ಹುಡುಗರು ಇಂದು ಬ್ಯಾಟರಿ ಅಂಗಡಿ, ಗ್ಯಾರೇಜು, ವೈರಿಂಗ್ ಕೆಲಸಗಳಲ್ಲಿದ್ದಾರೆ. ಕಾರವಾರ, ಅಂಕೋಲಾ, ಹೊನ್ನಾವರದವರಿಗೆ ಜೆಟ್ಟಿಯೇ ಎರಡನೆಯ ಮನೆ. ಯಂತ್ರದ ಪುಸ್ತಕ ಇಂಗ್ಲಿಷಿನಲ್ಲಿ, ಮಾಲಕನ ಮಾತು ಕೊಂಕಣಿಯಲ್ಲಿ. ನಡುವೆ ನಿಂತವರಿಗೆ ಕೆಲಸದ ಒಳಗುಟ್ಟು ಕನ್ನಡದಲ್ಲೂ ಸಿಗಬೇಕಲ್ಲವೇ?

ಟ್ರಾಲಿಂಗ್ ಬೇರೆ, ಟ್ರೋಲಿಂಗ್ ಬೇರೆ

ಮೊದಲು ಹೆಸರಿನ ಗೊಂದಲ ಬಿಡಿಸಿಕೊಳ್ಳುವುದು ಒಳ್ಳೆಯದು. ಬೇತಿಯ ಮಾಲಿಂ ಜೆಟ್ಟಿಯಲ್ಲೋ ದಕ್ಷಿಣದ ಕುಟಬಣದಲ್ಲೋ ಸಾಲಾಗಿ ನಿಲ್ಲುವ ದೊಡ್ಡ ಬೋಟುಗಳು ಬಲೆ ಎಳೆಯುವ ಟ್ರಾಲರುಗಳು. ಟ್ರೋಲಿಂಗ್ ಎಂದರೆ ದೋಣಿಯ ಹಿಂದೆ ಗಾಳದ ದಾರ ಬಿಟ್ಟು ನಿಧಾನವಾಗಿ ಸಾಗುವುದು. ಆ ನಿಧಾನದ ಓಟಕ್ಕಾಗಿ ಹುಟ್ಟಿದ್ದು ಈ ಪುಟ್ಟ ವಿದ್ಯುತ್ ಮೋಟಾರು.

ಇದರ ಮೂಲ ಅಮೆರಿಕದ ಕೆರೆಗಳಲ್ಲಿದೆ. ನಾರ್ತ್ ಡಕೋಟಾ ರಾಜ್ಯದ ಫಾರ್ಗೊ ಊರಿನಲ್ಲಿ ಒ.ಜಿ. ಶ್ಮಿಟ್ ಎಂಬವರು 1934ರಲ್ಲಿ ಇಂಥ ಮೋಟಾರು ತಯಾರಿಸಿದರು. ಮಿನೆಸೋಟ ಮತ್ತು ಡಕೋಟಾ ಎರಡೂ ರಾಜ್ಯದ ಹೆಸರು ಕೂಡಿಸಿ ‘ಮಿನ್ ಕೋಟಾ’ ಎಂದು ಕಂಪನಿಗೆ ಹೆಸರಿಟ್ಟರು. ಗಡಿಯವರು ಎರಡೂ ಕಡೆಯ ಹೆಸರು ಇಟ್ಟುಕೊಳ್ಳುವುದು ಅಲ್ಲೂ ಉಂಟು ಅನ್ನಿ! ಜಿಪಿಎಸ್ ಕೂಡಿಸಿದ ಮಾದರಿಗಳು ಬಂದದ್ದು ಬಹಳ ತಡವಾಗಿ, 2010ರ ಆಸುಪಾಸಿನಲ್ಲಿ.

ಗೋವಾದಲ್ಲಿ ಇವು ಬಳಕೆಗೆ ಬರುವುದು ನದಿ, ಖಾರಿಗಳಲ್ಲಿ ಚೊಣಕ ಮೀನಿಗೆ ಗಾಳ ಹಾಕುವ ಹವ್ಯಾಸಿಗಳ ಸಣ್ಣ ಫೈಬರ್ ದೋಣಿಗಳಿಗೆ. ಬಲೆ ಎಳೆಯುವ ಬೋಟಿಗೆ ಇದರ ಬಲ ಸಾಲದು. ಆದರೆ ಇದರ ದಿಕ್ಸೂಚಿಯ ಪಾಠ ಮಾತ್ರ ದೊಡ್ಡ ಬೋಟಿಗೂ ಅಷ್ಟೇ ಅನ್ವಯಿಸುತ್ತದೆ.

ಜಾಗ ಗೊತ್ತು, ಮುಖ ಗೊತ್ತಿಲ್ಲ

‘ಜಿಪಿಎಸ್ ಇದೆಯಲ್ಲ, ಮತ್ತೆ ದಿಕ್ಸೂಚಿ ಯಾಕೆ ಬೇಕು?’ ಎನ್ನುವವರೇ ಹೆಚ್ಚು. ಒಬ್ಬನ ಕಣ್ಣು ಕಟ್ಟಿ ಕರೆದೊಯ್ದು ಹುಬ್ಬಳ್ಳಿಯ ಚನ್ನಮ್ಮ ಸರ್ಕಲ್ಲಿನಲ್ಲಿ ನಿಲ್ಲಿಸಿದರು ಎನ್ನಿ. ‘ನೀನೀಗ ಚನ್ನಮ್ಮ ಸರ್ಕಲ್ಲಿನಲ್ಲಿದ್ದೀ’ ಎಂದೂ ಹೇಳಿದರು. ಜಾಗ ತಿಳಿಯಿತು. ಆದರೆ ಮುಖ ಧಾರವಾಡದ ಕಡೆಗಿದೆಯೋ ಗದಗದ ಕಡೆಗೋ? ಅದು ತಿಳಿಯದು. ನಾಲ್ಕು ಹೆಜ್ಜೆ ನಡೆದರೆ ಮಾತ್ರ ‘ಇತ್ತ ಹೊರಟೆ’ ಎಂದು ಗೊತ್ತಾಗುತ್ತದೆ.

ಜಿಪಿಎಸ್ ಕಥೆಯೂ ಅದೇ. ಸುಮಾರು 20,200 ಕಿ.ಮೀ. ಎತ್ತರದ ಉಪಗ್ರಹಗಳ ಸಂಕೇತ ಹಿಡಿದು ಅದು ಜಾಗ ಹೇಳುತ್ತದೆ. ದೋಣಿ ಚಲಿಸುತ್ತಿದ್ದರೆ ಹೋಗುವ ದಾರಿಯನ್ನೂ ಹೇಳುತ್ತದೆ. ನಿಂತ ದೋಣಿಯ ಮೂತಿ ಯಾವ ಕಡೆಗಿದೆ ಎಂಬುದು ಒಂದೇ ಆಂಟೆನಾದ ಜಿಪಿಎಸ್‌ಗೆ ತಿಳಿಯುವುದಿಲ್ಲ. ಅದನ್ನು ಹೇಳುವುದು ಮೋಟಾರಿನೊಳಗೋ ದೋಣಿಯ ಮುಂಭಾಗದಲ್ಲೋ ಇರುವ ಪುಟ್ಟ ಇಲೆಕ್ಟ್ರಾನಿಕ್ ದಿಕ್ಸೂಚಿ.

ಈಗ ತಪ್ಪು ಹೇಗಾಗುತ್ತದೆ ನೋಡಿ. ದೋಣಿ ನಿಲ್ಲಬೇಕಾದ ಜಾಗದಿಂದ ಎರಡು ಮೀಟರ್ ದಕ್ಷಿಣಕ್ಕೆ ಸರಿದಿದೆ. ‘ಉತ್ತರಕ್ಕೆ ತಳ್ಳು’ ಎಂದು ಲೆಕ್ಕ ಹೇಳುತ್ತದೆ. ದಿಕ್ಸೂಚಿಯಲ್ಲಿ 40 ಡಿಗ್ರಿ ತಪ್ಪಿದ್ದರೆ ಮೋಟಾರು ಈಶಾನ್ಯಕ್ಕೆ ತಳ್ಳುತ್ತದೆ. ದೋಣಿ ಓರೆಯಾಗಿ ಹೋಗುತ್ತದೆ. ಮತ್ತೆ ಲೆಕ್ಕ, ಮತ್ತೆ ಓರೆ. ಹೀಗೆ ಸುತ್ತು ಹೊಡೆಯುತ್ತಲೇ ಇರುತ್ತದೆ. ತಪ್ಪು 90 ಡಿಗ್ರಿ ಮೀರಿದರಂತೂ ಮೋಟಾರು ದೋಣಿಯನ್ನು ಜಾಗದಿಂದ ದೂರಕ್ಕೇ ಒಯ್ಯುತ್ತದೆ. ಎಷ್ಟು ದೂರ ಹೋದರೆ ಅಷ್ಟು ಜೋರಾಗಿ ತಿರುಗುತ್ತದೆ, ಅಷ್ಟು ಬೇಗ ಬ್ಯಾಟರಿ ಖಾಲಿ.

ಕಬ್ಬಿಣವೂ ಕರೆಂಟೂ ಸೇರಿ ಸುಳ್ಳು ಹೇಳಿಸುತ್ತವೆ

ದಿಕ್ಸೂಚಿ ತಾನಾಗಿ ತಪ್ಪುವುದಿಲ್ಲ, ತಪ್ಪಿಸುವವರು ದೋಣಿಯಲ್ಲೇ ಇರುತ್ತಾರೆ. ಲಂಗರಿನ ಸರಪಳಿ, ಕಬ್ಬಿಣದ ಪೆಟ್ಟಿಗೆ, ಹಾಡು ಕೇಳುವ ಸ್ಪೀಕರು, ಮೊಬೈಲು, ಎಲ್ಲವೂ ಸಣ್ಣಪುಟ್ಟ ಅಯಸ್ಕಾಂತಗಳೇ.

ಇದು ಹೊಸ ಕಾಯಿಲೆಯೂ ಅಲ್ಲ. 1801ರಿಂದ 1803ರವರೆಗೆ ಆಸ್ಟ್ರೇಲಿಯಾದ ಕರಾವಳಿ ಸುತ್ತಿದ ಇಂಗ್ಲಿಷ್ ನಾವಿಕ ಮ್ಯಾಥ್ಯೂ ಫ್ಲಿಂಡರ್ಸ್, ಹಡಗಿನ ಮೂತಿ ತಿರುಗಿದಂತೆ ದಿಕ್ಸೂಚಿಯ ತಪ್ಪೂ ಬದಲಾಗುವುದನ್ನು ಗಮನಿಸಿ, ಹಡಗಿನ ಕಬ್ಬಿಣವೇ ಕಾರಣ ಎಂದು ಕಂಡುಕೊಂಡರು. ಹಡಗನ್ನು ಒಂದು ಸುತ್ತು ತಿರುಗಿಸಿ, ಯಾವ ದಿಕ್ಕಿನಲ್ಲಿ ಎಷ್ಟು ತಪ್ಪು ಎಂದು ಬರೆದಿಟ್ಟುಕೊಳ್ಳುವ ಪದ್ಧತಿ ದೊಡ್ಡ ಹಡಗುಗಳಲ್ಲಿ ಇಂದಿಗೂ ಇದೆ. ಪುಟ್ಟ ಮೋಟಾರಿನ ‘ಕ್ಯಾಲಿಬ್ರೇಷನ್’ ಎಂದರೆ ಅದೇ ಕೆಲಸ. ಬರೆದಿಟ್ಟುಕೊಳ್ಳುವುದು ಮಾತ್ರ ಚಿಪ್. ಸಂತೆಯಲ್ಲಿ ತೂಗುವ ಮೊದಲು ಬರಿದಾದ ತಕ್ಕಡಿಯ ಪಾಸಂಗ ನೋಡಿಕೊಳ್ಳುವುದಿಲ್ಲವೇ, ಹಾಗೆ.

ಕರೆಂಟಿನ ಕಾಟ ಇನ್ನೂ ಸ್ವಾರಸ್ಯದ್ದು. ಮುಂಬಯಿಯ ಕೊಲಾಬಾದಲ್ಲಿ ಭೂಮಿಯ ಅಯಸ್ಕಾಂತ ಗುಣ ಅಳೆಯುವ ವೀಕ್ಷಣಾಲಯವಿತ್ತು. ನಗರಕ್ಕೆ ವಿದ್ಯುತ್ ಟ್ರಾಮು ಬರುತ್ತದೆ, ಅದರ ಕರೆಂಟಿನಿಂದ ಅಳತೆ ಕೆಡುತ್ತದೆ ಎಂದು 1904ರಲ್ಲಿ ಅಲಿಬಾಗಿನಲ್ಲಿ ಹೊಸ ವೀಕ್ಷಣಾಲಯ ತೆರೆದು ಕೆಲಸವನ್ನು ಅಲ್ಲಿಗೆ ಸಾಗಿಸಲಾಯಿತು. ಟ್ರಾಮಿನ ಕರೆಂಟಿಗೆ ಹೆದರಿ ವೀಕ್ಷಣಾಲಯವೇ ಊರು ಬಿಟ್ಟಿತು ಎಂದ ಮೇಲೆ, ಅಂಗೈಯಗಲದ ದಿಕ್ಸೂಚಿಯ ಪಾಡೇನು?

ಲೆಕ್ಕ ಹೀಗಿದೆ. 12 ವೋಲ್ಟಿನ, 55 ಪೌಂಡ್ ತಳ್ಳುವ ಬಲದ ಮೋಟಾರು ಪೂರ್ತಿ ವೇಗದಲ್ಲಿ ಸುಮಾರು 50 ಆಂಪಿಯರ್ ಕರೆಂಟು ಎಳೆಯುತ್ತದೆ. ಒಂಟಿ ವೈರಿನಲ್ಲಿ ಅಷ್ಟು ಕರೆಂಟು ಹರಿದರೆ ಒಂದಡಿ ದೂರದಲ್ಲಿ ಹುಟ್ಟುವ ಅಯಸ್ಕಾಂತ ಬಲ ಸುಮಾರು 33 ಮೈಕ್ರೊಟೆಸ್ಲಾ. ಗೋವಾದಲ್ಲಿ ಭೂಮಿಯ ಸ್ವಂತ ಬಲ ಇರುವುದೇ 40ರ ಆಸುಪಾಸು! ಅಂದರೆ ಉತ್ತರ ಧ್ರುವ ಎಳೆಯುವಷ್ಟೇ ಜೋರಾಗಿ ಬ್ಯಾಟರಿ ವೈರೂ ದಿಕ್ಸೂಚಿಯನ್ನು ಎಳೆಯಬಲ್ಲದು.

ಪರಿಹಾರ ಸುಲಭ. ಹೋಗುವ ವೈರು, ಬರುವ ವೈರು ಎರಡನ್ನೂ ಜಡೆಯಂತೆ ಒಂದಕ್ಕೊಂದು ಸುತ್ತಿ ಜೊತೆಯಲ್ಲೇ ಎಳೆಯಬೇಕು. ಒಂದರ ಬಲವನ್ನು ಇನ್ನೊಂದು ಅಳಿಸಿಹಾಕುತ್ತದೆ. ಕೆಂಪು ವೈರು ಎಡಬದಿಯಿಂದ, ಕಪ್ಪು ವೈರು ಬಲಬದಿಯಿಂದ ಎಂದು ಅಂದಕ್ಕಾಗಿ ಬೇರೆ ಬೇರೆ ಎಳೆದ ದೋಣಿಯಲ್ಲಿ ದಿಕ್ಸೂಚಿಗೆ ಎಷ್ಟು ಪಾಠ ಹೇಳಿದರೂ ವ್ಯರ್ಥ. ಮೋಟಾರು ನಿಧಾನವಿದ್ದಾಗ ಒಂದು ತಪ್ಪು, ಜೋರಾದಾಗ ಇನ್ನೊಂದು ತಪ್ಪು.

ಹೀಗೆ ಮಾಡಿ ನೋಡಿ

ಕಂಪನಿಯಿಂದ ಕಂಪನಿಗೆ ಗುಂಡಿಗಳು ಬೇರೆ. ಆದ್ದರಿಂದ ಜೊತೆಗೆ ಬಂದ ಪುಸ್ತಕವೇ ಮೊದಲ ಗುರು. ಕ್ರಮ ಮಾತ್ರ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ.

ಜಾಗ: ಸೇತುವೆ, ಜೆಟ್ಟಿ, ನಿಂತ ಬಾರ್ಜುಗಳಿಂದ ದೂರ ಹೋಗಬೇಕು. ಅದಿರು ಸಾಗಿಸುವ ಬಾರ್ಜು ಎಂದರೆ ತೇಲುವ ಕಬ್ಬಿಣದ ಗುಡ್ಡ. ಜುವಾರಿಯ ರೈಲು ಸೇತುವೆಯ ಬುಡದಲ್ಲಿ ದಿಕ್ಸೂಚಿ ಹೊಂದಿಸುವುದು ಗದ್ದಲದಲ್ಲಿ ಶ್ರುತಿ ಕೂಡಿಸಿದ ಹಾಗೆ.

ಹೊತ್ತು: ಬೆಳಗಿನ ಹೊತ್ತು ಒಳ್ಳೆಯದು. ಮಧ್ಯಾಹ್ನ ಕಡಲ ಗಾಳಿ ಏಳುತ್ತದೆ. ಭರತ ಮುಗಿದು ಇಳಿತ ಶುರುವಾಗುವ ನಡುವೆ ನೀರು ಸ್ವಲ್ಪ ಹೊತ್ತು ಸುಮ್ಮನಿರುತ್ತದಲ್ಲ, ಅದನ್ನು ಕಾದು ಹಿಡಿಯಬೇಕು. ದಿನಕ್ಕೆ ಎರಡು ಭರತ, ಎರಡು ಇಳಿತ. ಅವಕಾಶಕ್ಕೆ ಕೊರತೆಯಿಲ್ಲ.

ಸಾಮಾನು: ಮೀನು ಹಿಡಿಯಲು ಹೋಗುವಾಗ ಏನೇನು ಎಲ್ಲೆಲ್ಲಿ ಇರುತ್ತದೋ ಅಂದೂ ಹಾಗೆಯೇ ಇರಬೇಕು. ಖಾಲಿ ದೋಣಿಯಲ್ಲಿ ಹೊಂದಿಸಿ, ಆಮೇಲೆ ಕಬ್ಬಿಣದ ಪೆಟ್ಟಿಗೆ ತಂದು ದಿಕ್ಸೂಚಿಯ ಪಕ್ಕ ಇಟ್ಟರೆ ಮಾಡಿದ ಕೆಲಸ ನೀರುಪಾಲು. ದಿಕ್ಸೂಚಿ ಪ್ರತ್ಯೇಕವಾಗಿದ್ದರೆ ಕಬ್ಬಿಣ, ಸ್ಪೀಕರುಗಳಿಂದ ಒಂದೆರಡು ಅಡಿಯಾದರೂ ದೂರವಿಟ್ಟು, ಅದರ ಮೇಲಿನ ಬಾಣದ ಗುರುತು ದೋಣಿಯ ಮೂತಿಯ ನೇರಕ್ಕೆ ಬರುವಂತೆ ಕೂರಿಸಬೇಕು.

ಸುತ್ತು: ಪರದೆಯಲ್ಲಿ ಕ್ಯಾಲಿಬ್ರೇಷನ್ ಶುರುಮಾಡಿ ದೋಣಿಯನ್ನು ನಿಧಾನವಾಗಿ, ಒಂದೇ ಹದದಲ್ಲಿ, ಒಂದೂವರೆ ಎರಡು ಸುತ್ತು ತಿರುಗಿಸಬೇಕು. ದೇವರಿಗೆ ಪ್ರದಕ್ಷಿಣೆ ಹಾಕುವ ನಿಧಾನ ಇರಲಿ. ಗಡಿಬಿಡಿ ಮಾಡಿದರೆ ಯಂತ್ರ ಅರ್ಧ ದಿಕ್ಕುಗಳನ್ನು ಓದುವುದೇ ಇಲ್ಲ.

ತಾಳೆ: ಇಷ್ಟಾದ ಮೇಲೆ ದೂರದ ಒಂದು ಗುರುತಿಗೆ ಮೂತಿ ನೇರ ಮಾಡಿ ಓಡಿಸಿ, ದಿಕ್ಸೂಚಿ ತೋರಿಸುವ ಅಂಕಿಯನ್ನೂ ಜಿಪಿಎಸ್ ಹೇಳುವ ದಾರಿಯ ಅಂಕಿಯನ್ನೂ ಹೋಲಿಸಬೇಕು. ಇಲ್ಲೊಂದು ಸೂಕ್ಷ್ಮ ಉಂಟು. ನೀರು ಅಡ್ಡ ಹರಿಯುತ್ತಿದ್ದರೆ ದೋಣಿಯ ಮುಖ ಒಂದು ಕಡೆ, ಹೋಗುವ ದಾರಿ ಇನ್ನೊಂದು ಕಡೆ. ಆಗ ವ್ಯತ್ಯಾಸ ದಿಕ್ಸೂಚಿಯದೋ ಪ್ರವಾಹದ್ದೋ ತಿಳಿಯದು. ಅದಕ್ಕೇ ಅದೇ ಗೆರೆಯಲ್ಲಿ, ಅದೇ ವೇಗದಲ್ಲಿ ಹೋಗಿ, ವಾಪಸು ಬರಬೇಕು. ಹೋಗುವಾಗ ಪ್ರವಾಹ ಬಲಕ್ಕೆ ಒಯ್ದರೆ ಬರುವಾಗ ಎಡಕ್ಕೆ ಒಯ್ಯುತ್ತದೆ. ಎರಡರ ಸರಾಸರಿ ತೆಗೆದರೆ ಪ್ರವಾಹದ ಪಾಲು ಕಳೆದು ದಿಕ್ಸೂಚಿಯ ತಪ್ಪಷ್ಟೇ ಉಳಿಯುತ್ತದೆ. ಅದನ್ನು ಯಂತ್ರಕ್ಕೆ ತುಂಬಿದರೆ ಮುಗಿಯಿತು.

ದಿಕ್ಸೂಚಿಯ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಇರುವ ಅಂತರದ ತಲೆನೋವು ಗೋವಾದಲ್ಲಿ ಕಡಿಮೆ. ಇಲ್ಲಿ ಅದು ಒಂದು ಡಿಗ್ರಿಯ ಆಸುಪಾಸು. ಅಮೆರಿಕದ ಸಿಯಾಟಲ್‌ನಲ್ಲಿ ದೋಣಿ ಇಟ್ಟುಕೊಂಡ ಕನ್ನಡಿಗರಾದರೆ ಸುಮಾರು 15 ಡಿಗ್ರಿ ಲೆಕ್ಕ ಹಿಡಿಯಬೇಕು.

ಸ್ಪೀಕರು ಬದಲಾಯಿಸಿದಾಗ, ಬ್ಯಾಟರಿಯ ಜಾಗ ಸರಿಸಿದಾಗ, ಮಳೆಗಾಲವಿಡೀ ದಡದಲ್ಲಿ ಮಲಗಿದ್ದ ದೋಣಿಯನ್ನು ಮತ್ತೆ ನೀರಿಗಿಳಿಸಿದಾಗ ಈ ಪಾಠ ಮತ್ತೊಮ್ಮೆ ಆಗಬೇಕು.

ಗುಂಡಿ ಲಂಗರಲ್ಲ

ಎಲ್ಲ ಸರಿಯಾಯಿತು, ದೋಣಿ ಕಂಬಕ್ಕೆ ಕಟ್ಟಿದಂತೆ ನಿಂತಿತು. ಆಗಲೇ ಎಚ್ಚರ ಬೇಕಾದದ್ದು. 100 ಆಂಪಿಯರ್-ಅವರ್ ಬ್ಯಾಟರಿಯಿಂದ 50 ಆಂಪಿಯರ್ ಎಳೆದರೆ ಕಾಗದದ ಮೇಲೆ ಎರಡು ಗಂಟೆ. ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಅದರ ಆಯುಸ್ಸೇ ಕುಂದುತ್ತದೆ, ಹಾಗಾಗಿ ನಂಬಬಹುದಾದದ್ದು ಒಂದೇ ಗಂಟೆ. ನಿಂತ ನೀರಿನಲ್ಲಿ ಮೋಟಾರು ಕಡಿಮೆ ಕರೆಂಟಿಗೆ ದಿನವಿಡೀ ದುಡಿಯಬಹುದು. ಅಗುವಾದದ ಮುಂದೆ ಇಳಿತದ ಸೆಳೆತಕ್ಕೆ ಎದುರು ನಿಲ್ಲಿಸಿದರೆ ಲೆಕ್ಕವೇ ಬೇರೆ. ಬ್ಯಾಟರಿ ಸತ್ತರೆ ಇಳಿತದ ನೀರು ದೋಣಿಯನ್ನು ಒಯ್ಯುವುದು ದಡಕ್ಕಲ್ಲ, ಸಮುದ್ರಕ್ಕೆ.

ಇನ್ನೊಂದು ಅಪಾಯ ಕಣ್ಣಿಗೆ ಕಾಣದ್ದು. ನಿಂತಂತೆ ಕಾಣುವ ದೋಣಿಯ ರೆಕ್ಕೆ ಯಾವ ಕ್ಷಣದಲ್ಲಾದರೂ ತಾನಾಗಿ ತಿರುಗಬಹುದು. ‘ದೋಣಿ ನಿಂತಿದೆಯಲ್ಲ’ ಎಂದು ಪಕ್ಕದಲ್ಲಿ ಈಜಲು ಇಳಿದರೆ ಕಾಲಿಗೆ ಕುತ್ತು. ಮೋಟಾರು ಬಂತೆಂದು ಹುಟ್ಟು, ಲಂಗರು, ಲೈಫ್ ಜಾಕೆಟ್‌ಗಳನ್ನು ಮನೆಯಲ್ಲಿ ಬಿಟ್ಟು ಬರಬಾರದು. ಕರಾವಳಿ ಕಾವಲು ಪಡೆಯ 1554 ಸಂಖ್ಯೆ ಎಲ್ಲರ ಫೋನಿನಲ್ಲೂ ಇರಲಿ. ಮನೆಯಲ್ಲಿರುವವರ ಫೋನಿನಲ್ಲೂ.

ಕಡಲಲ್ಲಿ ಗೆರೆ ಎಳೆದವರಿಲ್ಲ

ಹವ್ಯಾಸಿಯ ದೋಣಿ ಸುತ್ತು ಹೊಡೆದರೆ ಒಂದು ದಿನದ ಮೀನು ಹೋಯಿತು, ಅಷ್ಟೇ. ಹೊಟ್ಟೆಪಾಡಿಗೆ ಕಡಲಿಗಿಳಿಯುವವರಿಗೆ ಜಾಗ, ದಿಕ್ಕು ಎರಡೂ ಜೀವದ ಮಾತು.

ಪೋಳೆಂ-ಮಾಜಾಳಿಯ ರಸ್ತೆಯಲ್ಲಿ ಗಡಿಗೆ ಚೆಕ್‌ಪೋಸ್ಟಿದೆ. ನೀರಿನಲ್ಲಿ ಏನೂ ಇಲ್ಲ. ದಡದಿಂದ 12 ನಾಟಿಕಲ್ ಮೈಲು, ಅಂದರೆ 22 ಕಿ.ಮೀ. ಚಿಲ್ಲರೆ, ಆಯಾ ರಾಜ್ಯದ ಮೀನುಗಾರಿಕೆ ಕಾನೂನಿನ ವ್ಯಾಪ್ತಿ. ಗೋವಾದ್ದು 1980ರ ಕಾಯ್ದೆ, ಕರ್ನಾಟಕದ್ದು 1986ರದ್ದು. ಕೈಯಲ್ಲಿ ಹಿಡಿದ ದಿಕ್ಕಿನಲ್ಲಿ 10 ಡಿಗ್ರಿ ತಪ್ಪಿದ್ದರೆ ಒಂದು ಕಿ.ಮೀ. ಓಟಕ್ಕೆ ಸುಮಾರು 175 ಮೀಟರ್ ಪಕ್ಕಕ್ಕೆ ಹೋಗಿರುತ್ತದೆ. 20 ಕಿ.ಮೀ. ಆಗುವಷ್ಟರಲ್ಲಿ ಮೂರೂವರೆ ಕಿ.ಮೀ.! ಜಿಪಿಎಸ್ ನೋಡುತ್ತಾ ತಿದ್ದಿಕೊಂಡರೆ ಸರಿ, ಅದು ಕೈಕೊಟ್ಟ ರಾತ್ರಿ ಉಳಿಯುವುದು ದಿಕ್ಸೂಚಿ ಒಂದೇ.

2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಬೋಟನ್ನು ಕರಾವಳಿಯ ಯಾವ ಮನೆಯೂ ಮರೆತಿಲ್ಲ. ಉಡುಪಿ, ಉತ್ತರ ಕನ್ನಡದ ಏಳು ಮಂದಿ ಅದರಲ್ಲಿದ್ದರು. ಗೋವಾ ದಾಟಿ ಮಹಾರಾಷ್ಟ್ರದ ಕಡಲಿನಲ್ಲಿ ಸಂಪರ್ಕ ಕಡಿಯಿತು. ಅವಶೇಷ ಮಾಲ್ವಣದಾಚೆಯ ಆಳದಲ್ಲಿ ನೌಕಾಪಡೆಗೆ ಸಿಕ್ಕಿದ್ದು 2019ರ ಮೇ ತಿಂಗಳಲ್ಲಿ. ಅದು ದಿಕ್ಸೂಚಿಯ ದೋಷದ ಕಥೆಯಲ್ಲ. ಆದರೆ ‘ಕೊನೆಗೆ ಎಲ್ಲಿದ್ದರು?’ ಎಂಬ ಒಂದು ಪ್ರಶ್ನೆ ಹಿಡಿದು ಏಳು ಮನೆಗಳು ತಿಂಗಳುಗಟ್ಟಲೆ ಕಾದವು.

ಬೋಟಿನ ಜಾಗ ದಡದವರಿಗೆ ತಿಳಿಯಬೇಕೆಂಬ ಕೆಲಸ ಅಲ್ಲಿಂದೀಚೆಗೆ ಮುಂದೆ ಹೋಗಿದೆ. ಇಸ್ರೊ ತಂತ್ರಜ್ಞಾನದ ಟ್ರಾನ್ಸ್‌ಪಾಂಡರನ್ನು ದೇಶದ ಒಂದು ಲಕ್ಷ ಮೀನುಗಾರಿಕೆ ದೋಣಿಗಳಿಗೆ ಅಳವಡಿಸುವ ಯೋಜನೆಗೆ 2024ರ ಆಗಸ್ಟಿನಲ್ಲಿ ಚಾಲನೆ ಸಿಕ್ಕಿತು. ಜಿಪಿಎಸ್ ಅಳತೆಯನ್ನು ತಿದ್ದಿ ಕೊಡುವ ನಮ್ಮ ದೇಶದ ‘ಗಗನ್’ ವ್ಯವಸ್ಥೆಯ ನಿಯಂತ್ರಣ ಕೇಂದ್ರ ಇರುವುದೂ ಬೆಂಗಳೂರಿನ ಕುಂದಲಹಳ್ಳಿಯಲ್ಲಿ. ಅದರ ಮೂಲಕ ಕಡಲಿನ ಎಚ್ಚರಿಕೆ ಸಂದೇಶ ಪಡೆಯುವ ‘ಜೆಮಿನಿ’ ಉಪಕರಣ 2019ರಲ್ಲೇ ಬಂದಿದೆ.

ತಾಂಡೇಲರ ಹಳೆಯ ಲೆಕ್ಕ

ಇಷ್ಟೆಲ್ಲ ಯಂತ್ರ ಸರಿಯಿದೆಯೋ ಇಲ್ಲವೋ ಎಂದು ನೋಡಲು ಇನ್ನೊಂದು ಯಂತ್ರ ಬೇಕಿಲ್ಲ. ಉಪಗ್ರಹವಿಲ್ಲದ ಕಾಲದಲ್ಲಿ ಹಿರಿಯ ತಾಂಡೇಲರು ಜಾಗ ಹಿಡಿಯುತ್ತಿದ್ದ ಬಗೆ ಒಂದಿದೆ. ದಡದ ಎರಡು ಗುರುತುಗಳನ್ನು, ಒಂದು ಹತ್ತಿರದ್ದು, ಒಂದು ದೂರದ್ದು, ಒಂದರ ಹಿಂದೆ ಒಂದು ಬರುವಂತೆ ಕೂಡಿಸುವುದು. ತೆಂಗಿನ ಮರದ ಹಿಂದೆ ಚರ್ಚಿನ ಶಿಲುಬೆ, ದೇವಸ್ಥಾನದ ದೀಪದ ಹಿಂದೆ ಗುಡ್ಡದ ತುದಿ. ಇನ್ನೊಂದು ಬದಿಯಲ್ಲೂ ಅಂಥದೇ ಒಂದು ಜೋಡಿ. ಎರಡು ಗೆರೆ ಕೂಡುವಲ್ಲಿ ದೋಣಿ.

ಹೊಸ ಮೋಟಾರಿನ ಪರೀಕ್ಷೆಗೂ ಇದೇ ಸಾಕು. ಗುಂಡಿ ಒತ್ತಿ ದೋಣಿ ನಿಲ್ಲಿಸಿ, ಎರಡೂ ಬದಿಯ ಜೋಡಿ ಗುರುತುಗಳನ್ನು ಹತ್ತು ನಿಮಿಷ ನೋಡುತ್ತಾ ಕೂರಬೇಕು. ಗುರುತುಗಳು ಒಂದರ ಹಿಂದೊಂದು ನಿಂತೇ ಇದ್ದರೆ ದಿಕ್ಸೂಚಿ ಪಾಠ ಕಲಿತಿದೆ. ಬಿಟ್ಟುಕೊಂಡು ಅತ್ತಿತ್ತ ಸರಿಯತೊಡಗಿದರೆ ಇನ್ನೊಂದು ಪ್ರದಕ್ಷಿಣೆ ಬಾಕಿ ಇದೆ ಎಂದರ್ಥ.

ಮಲಪ್ರಭೆಯ ದಂಡೆಯಿಂದ ಬಂದು ಮಾಂಡವಿಯ ದಂಡೆಯಲ್ಲಿ ವೈರು ಎಳೆಯುವ ಹುಡುಗ ಇಷ್ಟು ಕಲಿತರೆ ಸಾಕು. ‘ಮೋಟಾರು ಕೆಟ್ಟಿದೆ’ ಎಂದು ಮಾಲಕ ಕೂಗಿದ ದಿನ, ‘ಸ್ವಲ್ಪ ತಡೀರಿ ಸಾಹೇಬ್ರೆ, ಮೊದಲು ಎರಡು ಸುತ್ತು ತಿರುಗಿಸೋಣ’ ಎನ್ನಬಹುದು.